ಪ್ರಕರಣ ಹದಿನಾಲ್ಕರ ಊಟದ ಮಾತು

ಆ ಹುಡುಗಿ ಬಾಗಿಲು ತಟ್ಟಿದಾಗ ನಾನು ಮನಸ್ಸಿನಲ್ಲೇ ವಿಭಾಗದ ಮುಖ್ಯಸ್ಥನನ್ನು ಬೈಯುತ್ತಾ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಹಳೆಯ ಕಟ್ಟಡ ಕೆಡವುತ್ತಾರಂತೆ, ತಿಂಗಳೊಳಗೆ ಖಾಲಿ ಮಾಡಬೇಕಂತೆ. ಇಪ್ಪತ್ತೈದು ವರ್ಷ ಕೂಡಿಟ್ಟಿದ್ದನ್ನು ತಿಂಗಳಲ್ಲಿ ಎತ್ತು ಅನ್ನುವವನಿಗೆ ಏನು ಹೇಳೋಣ! ಅವನು ಈ ಕಟ್ಟಡಕ್ಕೆ ಬಂದಿದ್ದೇ ಮೊನ್ನೆ ಮೊನ್ನೆ.

"ದೊ ಗಿಸುಕ್ ಮೇಡಂ ಅಂದ್ರೆ ನೀವೇನಾ?"

"ನಾನೇ. ಅಂಕದ ವಿಷಯ ಆದ್ರೆ ನಾಳೆ ಬಾ."

"ನಾನು ಇಲ್ಲಿ ಓದೋಳಲ್ಲ ಮೇಡಂ."

ಮೂವತ್ತೆರಡು ಮೂವತ್ಮೂರರ ಹೆಣ್ಣು. ದಂತವೈದ್ಯರ ಕ್ಲಿನಿಕ್ಕಿನಲ್ಲಿ ದುಭಾಷಿಯಂತೆ, ಹೆಸರು ಸೊಲ್ಮೆ. ಮಾತಿನ ತುದಿಯಲ್ಲಿ ಗಡಿಯಾಚೆಯ ಯಾನ್‌ಜಿ ಕಡೆಯ ಎಳೆತ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಚೀಲದಿಂದ ಒಂದು ಪುಸ್ತಕ ತೆಗೆದು ಪೆಟ್ಟಿಗೆಯ ಮೇಲಿಟ್ಟಳು. ಹಸಿರು ರಟ್ಟು. ಎರಡು ಸಾವಿರದ ನಾಲ್ಕರಲ್ಲಿ ನಾವು ತಂದ ಪುಸ್ತಕ ಅದು, ಗಡಿಯಾಚೆಯಿಂದ ಕೂಲಿಗೆ ಬಂದ ಹೆಂಗಸರ ಬಗ್ಗೆ. ನನ್ನ ಹೆಸರು ಮೊದಲ ಬಾರಿಗೆ ರಟ್ಟಿನ ಮೇಲೆ ಬಂದಿದ್ದು ಅದರಲ್ಲೇ. ಆ ದಿನ ನಾನು ಬೀಗಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

"ಪ್ರಕರಣ ಹದಿನಾಲ್ಕು ನಮ್ಮಮ್ಮ," ಅಂದಳು ಸೊಲ್ಮೆ.

ನಮ್ಮ ಪುಸ್ತಕದಲ್ಲಿ ಯಾರಿಗೂ ಹೆಸರಿಲ್ಲ. ಮೂವತ್ತೆರಡು ಹೆಂಗಸರು, ಒಂದರಿಂದ ಮೂವತ್ತೆರಡು. ಆದರೂ ಹೆತ್ತವಳನ್ನು ಮಗಳು ಗುರುತಿಸದೆ ಇರುತ್ತಾಳೆಯೇ? ಊರು ಹೆಲೊಂಗ್, ಎಡಗೈ ಮಣಿಕಟ್ಟಿನಲ್ಲಿ ಸುಟ್ಟ ಕಲೆ, ವೊಂಗೊಕ್ ಬೀದಿಯ ಹೋಟೆಲಿನಲ್ಲಿ ತಣ್ಣಗೆ ತಿನ್ನುವ ಶಾವಿಗೆಗೆ ಸಾರು ಕಾಯಿಸುವ ಕೆಲಸ, ಐದು ವರ್ಷದವಳಿದ್ದಾಗ ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗಳು. ಎಲ್ಲವನ್ನೂ ನಾವೇ ಬರೆದಿದ್ದೆವು.

"ಅಮ್ಮ ಹೋದ ವರ್ಷ ತೀರಿಕೊಂಡ್ರು. ಬಟ್ಟೆ ಪೆಟ್ಟಿಗೆಯ ತಳದಲ್ಲಿ ಇದು ಸಿಕ್ತು. ಒಂದು ಕಡೆ ಪೆನ್ಸಿಲ್ ಗೆರೆ ಎಳೆದಿದ್ದಾರೆ, ನೋಡಿ."

ಎಂಬತ್ತೊಂದನೆಯ ಪುಟ. ನೋಡುವುದೇನು ಬಂತು, ಆ ಸಾಲು ನನಗೆ ಬಾಯಿಪಾಠ. ನಾನೇ ಬರೆದದ್ದು. 'ಪ್ರಕರಣ ಹದಿನಾಲ್ಕು ಮೂರು ಗಂಟೆಯ ಸಂದರ್ಶನದಲ್ಲಿ ಒಮ್ಮೆಯೂ ಮಗಳ ಬಗ್ಗೆ ಮಾತನಾಡಲಿಲ್ಲ. ಮನೆಯವರ ಬಗ್ಗೆ ಕೇಳಿದಾಗ, ಆಗಲೇ ಹೇಳಿದೆನಲ್ಲ ಎಂದು ಪ್ರಶ್ನೆಯನ್ನು ತಳ್ಳಿಹಾಕಿದಳು. ದೀರ್ಘಕಾಲದ ಅಗಲಿಕೆಯಿಂದ ತಾಯ್ತನದ ಬಂಧ ಸಡಿಲವಾಗುವುದಕ್ಕೆ ಇದು ಉದಾಹರಣೆ.' ಪೆನ್ಸಿಲ್ ಗೆರೆ ಇದ್ದದ್ದು ನಡುವಿನ ಎರಡೇ ಪದಗಳ ಕೆಳಗೆ. ಆಗಲೇ ಹೇಳಿದೆನಲ್ಲ.

"ನಾನು ಹತ್ತೊಂಬತ್ತಕ್ಕೆ ಇಲ್ಲಿಗೆ ಬಂದೆ ಮೇಡಂ. ಆಮೇಲೆ ಹನ್ನೆರಡು ವರ್ಷ ಒಂದೇ ರೂಮಲ್ಲಿ ಇದ್ವಿ. ಮಾತು ಅಂದ್ರೆ ಊಟ ಆಯ್ತಾ ಅನ್ನೋದು ಒಂದೇ. ನಾನೂ ಮುಖ ಕೊಟ್ಟು ಮಾತಾಡ್ಲಿಲ್ಲ ಬಿಡಿ, ಬಿಟ್ಟುಹೋದೋಳು ಅನ್ನೋ ಸಿಟ್ಟು. ಈಗ ಇದನ್ನ ಓದಿದ ಮೇಲೆ ನಿದ್ದೆ ಹತ್ತಲ್ಲ. ಆಗಲೇ ಹೇಳಿದೆ ಅಂತಾಳಲ್ಲ, ಯಾವಾಗ ಹೇಳಿದ್ಲು? ಏನು ಹೇಳಿದ್ಲು? ನನಗೆ ಅಷ್ಟು ಗೊತ್ತಾದ್ರೆ ಸಾಕು. ಟೇಪು ಇದ್ರೆ ಒಂದೇ ಒಂದು ಸಲ ಕೇಳಿಸಿ."

ನಾನು ಗುಟುಕು ನೀರು ಕುಡಿದೆ. ಟೇಪು ಎಲ್ಲಿದೆ? ಐದು ವರ್ಷದ ನಂತರ ನಾಶ ಮಾಡುತ್ತೇವೆ ಎಂದು ಬರೆದುಕೊಟ್ಟಿದ್ದೆವು; ನಾನೇ ಕೂತು ಒಂದೊಂದು ಕ್ಯಾಸೆಟ್ಟಿನ ಪಟ್ಟಿ ಎಳೆದು ಕತ್ತರಿಸಿದ್ದೆ. ನಿಯಮ ಪಾಲಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದರು!

"ಇಲ್ಲಿ ಇಲ್ಲಮ್ಮ," ಅಂದೆ. ಅವಳ ಮುಖ ಬಾಡಿತು. "ಇನ್ನೊಂದು ಕಡೆ ಇರಬಹುದು. ನಾಲ್ಕು ದಿನ ಕೊಡು."

ಇನ್ನೊಂದು ಕಡೆ ಅಂದರೆ ಯಾನ್‌ಜಿ. ಅಂದರೆ ಹೆರಾನ್ ಅಕ್ಕ. ಹೆರಾನ್ ಅಕ್ಕನ ಜೊತೆ ನಾನು ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು.

ಎರಡು ಸಾವಿರದ ಎರಡರ ಚಳಿಗಾಲ ನೆನಪಾದರೆ ಇವತ್ತಿಗೂ ನನ್ನ ಮೂಗಿಗೆ ಸೀಮೆಎಣ್ಣೆ ವಾಸನೆ ಬರುತ್ತದೆ. ಇದೇ ಕಟ್ಟಡದ ಮೂರನೆಯ ಮಹಡಿ. ನಮ್ಮ ಪ್ಯೊ ಮೇಷ್ಟ್ರು ಯಾನ್‌ಜಿಯ ವಿಶ್ವವಿದ್ಯಾಲಯದ ಜೊತೆ ಎರಡು ವರ್ಷದ ಜಂಟಿ ಸಂಶೋಧನೆಗೆ ಸಹಿ ಹಾಕಿ ಬಂದಿದ್ದರು. ಆ ಕಡೆಯಿಂದ ಬಂದವಳು ಹೆರಾನ್ ಅಕ್ಕ, ಈ ಕಡೆಯಿಂದ ಎಂಎ ಮುಗಿಸುತ್ತಿದ್ದ ನಾನು. ಅವಳ ತಾತ ಬರಗಾಲದಲ್ಲಿ ಗಡಿಯ ನದಿ ದಾಟಿ ಆ ಕಡೆ ಹೋದವನು, ಭಾಷೆ ನಮ್ಮದೇ, ಆದರೆ ಉತ್ತರದ ಗಡಸು ಮಾತು. ಮೊದಲ ದಿನ ನನ್ನ ಹೆಸರು ಕೇಳಿ ನಕ್ಕುಬಿಟ್ಟಿದ್ದಳು.

"ಗಿಸುಕ್? ನಮ್ಮ ಓಣಿಯಾಗ ಈ ಹೆಸರಿನ ಮುದುಕಿ ಅದಾಳ. ಹಲ್ಲಿಲ್ಲ ಆಕಿಗೆ."

"ನನಗೆ ಹಲ್ಲಿದೆ ಅಕ್ಕ. ಕಚ್ಚಿ ತೋರಿಸ್ಲಾ?"

ಅವತ್ತಿನಿಂದ ನಾವಿಬ್ಬರೂ ಅಂಟಿಕೊಂಡೆವು. ಒಂದೇ ಟೇಪ್ ಯಂತ್ರ, ಕಾಲಲ್ಲಿ ಒತ್ತುವ ಪೆಡಲು, ಒಂದೇ ಇಯರ್‌ಫೋನು. ಎಡಕಿವಿಯದು ಅವಳಿಗೆ, ಬಲಕಿವಿಯದು ನನಗೆ. ಉತ್ತರದ ಮಾತು ನನಗೆ ಅರ್ಥವಾಗದಿದ್ದರೆ ಅವಳು ಹೇಳುವಳು, ನಾನು ಟೈಪ್ ಮಾಡುವೆ. ಸೀಮೆಎಣ್ಣೆ ಒಲೆಯ ಮೇಲೆ ಗೆಣಸು ಸುಡುವುದು, ಪೊಟ್ಟಣದ ಕಾಫಿಯನ್ನು ಖಾಲಿ ಪೊಟ್ಟಣವನ್ನೇ ಚಮಚ ಮಾಡಿಕೊಂಡು ಕಲಕಿ ಕುಡಿಯುವುದು. ಶನಿವಾರ ಮೇಷ್ಟ್ರು ಕಪ್ಪು ಹುರುಳಿ ಶಾವಿಗೆ ತರಿಸುವರು. ಅಕ್ಕ ತನ್ನ ಬಟ್ಟಲಿನ ಅರ್ಧ ನನ್ನ ಬಟ್ಟಲಿಗೆ ಸುರಿದು, "ತಿನ್ನು, ಗಾಳಿ ಬಿಟ್ರ ಹಾರಿ ಹೋಗ್ತಿ" ಅನ್ನುವಳು. ಅಂಥ ಶಾವಿಗೆ ಈಗ ಎಲ್ಲಿದೆ? ಅಂಗಡಿ ಇದೆ, ರುಚಿ ಇಲ್ಲ. ರುಚಿ ಇರಲಿ, ಎದುರಿಗೆ ಕೂತು ಬೈಯುವವರೇ ಇಲ್ಲ.

ಕ್ಯಾಸೆಟ್ಟುಗಳನ್ನು ಎರಡೆರಡು ಮಾಡುತ್ತಿದ್ದೆವು. ಒಂದು ಇಲ್ಲಿಗೆ, ಒಂದು ಯಾನ್‌ಜಿಗೆ. ಒಪ್ಪಂದ ಹಾಗಿತ್ತು.

ಜಗಳ ಶುರುವಾದದ್ದು ಒಂದು ನಿಯಮದಿಂದ. ಸಂದರ್ಶನಕ್ಕೆ ಹೋದಲ್ಲೆಲ್ಲ ಮೊದಲು ಊಟ. ಆ ಹೆಂಗಸರು ಯಾರೂ ಊಟ ಹಾಕದೆ ಬಾಯಿ ಬಿಡುತ್ತಿರಲಿಲ್ಲ. ಊಟ ಆಯ್ತಾ, ಕೂತ್ಕೋ, ಉಪ್ಪು ಸರಿಯಿದೆಯಾ, ನಮ್ಮೂರಲ್ಲಿ ಇದಕ್ಕೆ ಇಂಥದ್ದು ಹಾಕುತ್ತಾರೆ ಎಂದು ಕಾಲು ಗಂಟೆ, ಅರ್ಧ ಗಂಟೆ. ಟೇಪು ಮಾತ್ರ ಬಾಗಿಲಲ್ಲೇ ಚಾಲೂ ಆಗಿರುತ್ತಿತ್ತು. ಪ್ಯೊ ಮೇಷ್ಟ್ರದು ಕಟ್ಟುನಿಟ್ಟಿನ ಆಜ್ಞೆ: ಟೈಪಿಂಗ್ ಶುರುವಾಗಬೇಕಾದ್ದು ಪ್ರಶ್ನಾವಳಿಯ ಒಂದನೇ ಪ್ರಶ್ನೆಯಿಂದ. ಊಟದ ಮಾತು ಬೇಡ. ಕಾಗದ ದಂಡ, ಸಮಯ ದಂಡ. ನನಗೂ ಅದೇ ಸರಿ ಅನಿಸಿತ್ತು. ಇಪ್ಪತ್ತಾರು ವರ್ಷ, ಹಸಿ ವಯಸ್ಸು, ಮೇಷ್ಟ್ರು ಹೇಳಿದ್ದೇ ವೇದ.

ಕೊನೆಯ ಅಧ್ಯಾಯ ಬರೆದು ಅಕ್ಕನಿಗೆ ಓದಲು ಕೊಟ್ಟೆ. ಪ್ರಕರಣ ಹದಿನಾಲ್ಕರ ಆ ಸಾಲಿಗೆ ಬಂದು ಅವಳು ಕಾಗದ ಮೇಜಿನ ಮೇಲೆ ಬಿಸಾಕಿದಳು.

"ಬೊಂಗ್ಸುನ್ ಬಗ್ಗೆ ಹಿಂಗ ಬರದೀಯಲ್ಲ, ನಿನಗ ಮನಸ್ಸು ಹೆಂಗ ಬಂತು?"

"ಟೈಪ್ ಮಾಡಿದ್ದರಲ್ಲಿ ಏನಿದೆಯೋ ಅದನ್ನೇ ಬರೆದಿದ್ದೀನಿ."

"ಟೈಪ್ ಮಾಡಿದ್ದು ಯಾರು? ನೀನs. ಅಕಿ ಮೊದಲ ಹೇಳಿದ್ದು ಬಿಟ್ಟವರು ಯಾರು? ನೀನs. ಟೇಪಿನ ಮೊದಲಿನ ಮಾತು ಕೇಳಿ ಬಾ, ಹೋಗು."

"ಅದು ಊಟದ ಮಾತು ಅಕ್ಕ. ಮಾಹಿತಿ ಅಲ್ಲ."

"ನಮ್ಮ ಮಂದಿ ಊಟದಾಗs ಎಲ್ಲಾ ಹೇಳ್ತಾರ. ಪ್ರಶ್ನಾ ಕೇಳಿದ್ರ ವೀಸಾ ಹೇಳ್ತಾರ, ದಲ್ಲಾಳಿ ಹೇಳ್ತಾರ. ಒಂದು ವರ್ಷ ಜೋಡಿ ಉಂಡು ಇಷ್ಟೂ ತಿಳೀಲಿಲ್ಲ ನಿನಗ?"

ನಾನು ಆಗ ಅಂದ ಮಾತು ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. "ನಿಮ್ಮವರು ಅನ್ನೋ ಕಾರಣಕ್ಕೆ ನೀನು ಪಕ್ಷ ವಹಿಸ್ತಿದ್ದೀಯ. ಇದಕ್ಕೆ ಸಂಶೋಧನೆ ಅನ್ನಲ್ಲ." ಅಯ್ಯೋ, ಎಂಥ ಬಾಯಿ ನನ್ನದು! ಅಕ್ಕ ಕೋಟು ಹಾಕಿಕೊಂಡಳು. ಪುಸ್ತಕದ ರಟ್ಟಿನಿಂದ ತನ್ನ ಹೆಸರು ತೆಗೆಸಿ ಊರಿಗೆ ಹೊರಟುಹೋದಳು. ಅವಳು ಹೋಗುವ ದಿನ ನಾನು ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ. ಟೇಪಿನ ಮೊದಲ ಭಾಗವನ್ನು ಕೇಳಲೂ ಇಲ್ಲ. ಕೇಳಿದರೆ ಸೋತಂತೆ ಅನ್ನುವ ಜಂಬ. ಆಮೇಲೆ ಕತ್ತರಿ ಹಿಡಿದು ಕೂತೆ, ಕಥೆ ಮುಗಿಯಿತು.

ಸೊಲ್ಮೆ ಬಂದುಹೋದ ಮರುದಿನ ಮಧ್ಯಾಹ್ನ ಯಾನ್‌ಜಿ ವಿಭಾಗದಿಂದ ನಂಬರು ಪಡೆದು ಫೋನ್ ಮಾಡಿದೆ. ರಿಂಗಾಗುವಷ್ಟು ಹೊತ್ತು, ಎತ್ತದಿದ್ದರೆ ಸಾಕಪ್ಪಾ ಅಂತಲೂ ಅನಿಸಿತು, ಎತ್ತಲಿ ಅಂತಲೂ ಅನಿಸಿತು.

"ಯಾರು?"

"ಅಕ್ಕಾ, ನಾನು. ಗಿಸುಕ್."

ಫೋನ್ ಇಟ್ಟುಬಿಟ್ಟಳು ಅಂದುಕೊಂಡೆ.

"ಊಟ ಆತೇನು?" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಇನ್ನೂ ಇಲ್ಲ ಅಕ್ಕ."

"ಅಲ್ಲೆ ಮೂರು ಹೊಡದಿರಬೇಕು. ಇಷ್ಟು ವರ್ಷ ಆದ್ರೂ ನಿನಗ ಹೊತ್ತಿಗೆ ಉಣ್ಣೂದು ಬರಲಿಲ್ಲ ನೋಡು. ಹಲ್ಲರೇ ಅದಾವೋ ಇಲ್ಲೋ?"

"ಒಂದು ಬಿದ್ದಿದೆ." ನಾನು ಅಳುತ್ತಲೇ ನಕ್ಕೆ. ಆಮೇಲೆ ವಿಷಯ ಹೇಳಿದೆ, ಪ್ರಕರಣ ಹದಿನಾಲ್ಕು ಅಂತ ಶುರು ಮಾಡಿ.

"ನಂಬರು ಗಿಂಬರು ಬ್ಯಾಡ. ಹೆಸರು ಹೇಳು."

"ಬೊಂಗ್ಸುನ್. ತೀರಿಕೊಂಡ್ರಂತೆ. ಮಗಳು ಬಂದಿದ್ದಾಳೆ."

ಅಕ್ಕ ನಿಟ್ಟುಸಿರು ಬಿಟ್ಟಳು. ಕ್ಯಾಸೆಟ್ಟುಗಳು ಅವಳ ಬಳಿ ಇದ್ದವು, ಮೂವತ್ತೆರಡು ಹೆಂಗಸರದೂ. ನಿಯಮದ ಪ್ರಕಾರ ಕತ್ತರಿಸಬೇಕಿತ್ತಲ್ಲ ಅಂದರೆ, "ನನಗ ಕತ್ತರಿ ಸಿಗಲಿಲ್ಲ" ಅಂದಳು.

"ಅಕ್ಕ, ಯಾರಿಗೂ ಕೇಳಿಸಲ್ಲ ಅಂತ ಆಕೆಗೆ ಮಾತು ಕೊಟ್ಟಿದ್ವಿ."

"ಖರೆ. ಅಕಿಗೆ ಹೆದರಿಕಿ ಇದ್ದದ್ದು ಪೊಲೀಸರದು, ಮಗಳದಲ್ಲ. ಮಗಳಿಗೆ ಹೇಳಬ್ಯಾಡ್ರಿ ಅಂತ ಅಕಿ ಅಂದಿದ್ಲೇನು? ಕಂಪ್ಯೂಟರಿಗೆ ಹಾಕಿಸಿ ಕಳಸ್ತೇನಿ. ಒಂದು ಮಾತು, ಮೊದಲ ನೀ ಒಬ್ಬಾಕಿನs ಕೇಳಬ್ಯಾಡ. ಹುಡುಗಿ ಜೋಡಿ ಕೂತು ಕೇಳು."

"ಯಾಕೆ?"

"ಕೇಳು ಅಂದ್ರ ಕೇಳು. ಇನ್ನೂ ಪ್ರಶ್ನಾ ಕೇಳೂ ಚಟ ಹೋಗಿಲ್ಲ ನಿನ್ನದು."

ಶುಕ್ರವಾರ ಸಂಜೆ ನಾಲ್ಕಕ್ಕೆ ಸೊಲ್ಮೆ ಬಂದಳು. ಕೋಣೆಯಲ್ಲಿ ಉಳಿದಿದ್ದದ್ದು ಒಂದು ಮೇಜು, ಎರಡು ಕುರ್ಚಿ. ಕಾಫಿ ಪೊಟ್ಟಣ ಹರಿದು ಬಿಸಿನೀರಿಗೆ ಹಾಕಿ, ಖಾಲಿ ಪೊಟ್ಟಣದಿಂದಲೇ ಕಲಕಿ ಕೊಟ್ಟೆ. ಅವಳು ಮುಟ್ಟಲಿಲ್ಲ. ಕೈಯೆರಡನ್ನೂ ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ಕೂತಿದ್ದಳು. ನಾನು ಗುಂಡಿ ಒತ್ತಿದೆ.

ಮೊದಲು ಗೊರಗೊರ ಸದ್ದು. ಬಟ್ಟಲುಗಳ ಸದ್ದು. ಆಮೇಲೆ ಒಂದು ಹೆಣ್ಣುದನಿ, ಗಟ್ಟಿಯಾಗಿ, ಲವಲವಿಕೆಯಿಂದ.

"ಬರ್ರಿ ಬರ್ರಿ. ಊಟ ಆತೇನವ್ವಾ?"

ಸೊಲ್ಮೆ ಕುರ್ಚಿಯ ತುದಿಗೆ ಸರಿದಳು. "ಇಷ್ಟು ಜೋರಾಗಿ ಮಾತಾಡ್ತಿದ್ಲಾ ಅಮ್ಮ?" ಎಂದು ಪಿಸುಗುಟ್ಟಿದಳು.

"ಆಯ್ತು ಚಿಕ್ಕಮ್ಮ." ಇದು ನನ್ನ ದನಿ, ಇಪ್ಪತ್ತಾರರದು. ತೆಳ್ಳಗೆ, ಅವಸರದಲ್ಲಿ.

"ಸುಳ್ಳ ಹೇಳಬ್ಯಾಡ. ಮಾರಿ ನೋಡಿದ್ರ ಗೊತ್ತಾಗ್ತದ. ಕೂಡು. ಹೆರಾನ್, ನೀನೂ ಕೂಡು. ಶಾವಿಗಿ ಹಾಕ್ತೇನಿ. ತತ್ತಿ ಅರ್ಧಾ ಸಾಕೋ, ಇಡೀದು ಬೇಕೋ? ನನ್ನ ಮಗಳು ಅದಾಳಲ್ಲ, ತತ್ತಿ ಕಂಡ್ರ ಮೂಗು ಮುಚ್ಕೋತಾಳ. ಹಳದಿ ತಗದು ಬಿಳೀದು ಅಷ್ಟs ಕೊಟ್ರ ತಿಂತಾಳ. ಹಳದೀದು ಸಾರಿನಾಗ ಮುಚ್ಚಿ ಕೊಟ್ರೂ ಕಂಡು ಹಿಡೀತಾಳ, ಕಳ್ಳಿ!"

ಟೇಪಿನಲ್ಲಿ ಹೆರಾನ್ ಅಕ್ಕ ನಗುತ್ತಾಳೆ. ಆಮೇಲೆ ಬೊಂಗ್ಸುನ್ ನಿಲ್ಲಿಸುವುದೇ ಇಲ್ಲ. ಪಾತ್ರೆಯ ತಳದ ಸೀದ ಅನ್ನವನ್ನು ಮಗಳು ಕದ್ದು ರಜಾಯಿಯ ಕೆಳಗೆ ಇಟ್ಟು, ಇರುವೆ ಹತ್ತಿ ಅಜ್ಜಿಯ ಕೈಲಿ ಬೈಸಿಕೊಂಡದ್ದು. ಖಾರದ ಎಲೆಕೋಸನ್ನು ನೀರಲ್ಲಿ ತೊಳೆದು ತೊಳೆದು ತಿನ್ನುವುದು. ಈ ಹೋಟೆಲಿಗೆ ಯಾವ ಪುಟ್ಟ ಹುಡುಗಿ ಬಂದರೂ ತಾನು ಕೇಳದೆಯೇ ಮೊಟ್ಟೆಯ ಹಳದಿ ತೆಗೆದುಕೊಡುವುದು, ಅದಕ್ಕೆ ಮಾಲಕಿ ಬೈದದ್ದು. ಒಂದೊಂದು ತುತ್ತಿಗೂ ಮಗಳದೊಂದು ಮಾತು. ಹದಿನೇಳು ನಿಮಿಷ. ನಾನು ಆಗ ಎದುರಿಗೇ ಕೂತಿದ್ದೆನಲ್ಲ, ಏನು ಕೇಳಿಸಿಕೊಳ್ಳುತ್ತಿದ್ದೆ? ಕೈಗಡಿಯಾರ ನೋಡುತ್ತಿದ್ದೆ ಅಂತ ಕಾಣುತ್ತದೆ.

ಸೊಲ್ಮೆಯ ಕೆನ್ನೆಯ ಮೇಲೆ ನೀರು ತಾನಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. "ಸೀದ ಅನ್ನ... ಹೌದು, ಇರುವೆ..." ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು.

"ಇದು ನಮ್ಮ ಕಡೀ ಮರಸೇಬು, ತಗೋರಿ," ಅಂತು ಟೇಪಿನ ದನಿ. ಈಗ ಸ್ವಲ್ಪ ಮೆತ್ತಗಾಗಿತ್ತು. "ಹೊರಡೂ ದಿನ ಮುಂಜಾನೆ ಮಗಳಿಗೆ ಒಂದು ಸುಲಿದು ಕೊಟ್ಟೆ. ಪ್ಯಾಟಿಗೆ ಹೋಗಿ ಬರ್ತೇನಿ, ಅಷ್ಟರಾಗ ತಿಂದು ಮುಗಸು ಅಂತ ಸುಳ್ಳು ಹೇಳಿದ್ದೆ. ಅಕಿ ಅರ್ಧಾ ತಿಂದು, ಉಳಿದ ಅರ್ಧಾ ಏನ್ ಮಾಡಿದ್ಲು ಗೊತ್ತೇನು? ನಾ ಬಸ್ಸಿನಾಗ ಕೂತ ಮ್ಯಾಲೆ ನೋಡ್ತೇನಿ..."

"ಅದಿರಲಿ ಚಿಕ್ಕಮ್ಮ, ಶುರು ಮಾಡೋಣ್ವಾ? ಟೇಪು ಸುಮ್ನೆ ಓಡ್ತಿದೆ."

ನನ್ನ ದನಿ. ಬೇರೆ ಯಾರದೂ ಅಲ್ಲ.

"ಹ್ಞಾ, ಸರಿ ಸರಿ. ಕೇಳ್ರಿ," ಅಂದಳು ಬೊಂಗ್ಸುನ್. ಆ ಲವಲವಿಕೆ ಅಲ್ಲಿಗೇ ಇಳಿದುಹೋಯಿತು. "ಒಂದನೇ ಪ್ರಶ್ನೆ," ಎಂದು ನಾನು ಓದತೊಡಗಿದೆ.

ಗುಂಡಿ ಒತ್ತಿ ನಿಲ್ಲಿಸಿದೆ. ಮುಖ ಎತ್ತುವ ಧೈರ್ಯವಾಗಲಿಲ್ಲ. ಹೆರಾನ್ ಅಕ್ಕ ಯಾಕೆ ಒಬ್ಬಳೇ ಕೇಳಬೇಡ ಅಂದಳು ಎಂದು ಈಗ ತಿಳಿಯಿತು. ಒಬ್ಬಳೇ ಕೇಳಿದ್ದರೆ, ನನ್ನನ್ನು ನಾನು ಬಲ್ಲೆ, ಆ ಒಂದು ಸಾಲನ್ನು ಕತ್ತರಿಸಿ ಈ ಹುಡುಗಿಗೆ ಕೇಳಿಸುತ್ತಿದ್ದೆ.

"ತಪ್ಪಾಯ್ತಮ್ಮ," ಅಂದೆ. "ನಿಮ್ಮಮ್ಮ ಹೇಳ್ತಾನೇ ಇದ್ರು. ಬಾಯಿ ಮುಚ್ಚಿಸಿದ್ದು ನಾನು. ಆಮೇಲೆ ಹೇಳಲೇ ಇಲ್ಲ ಅಂತ ಬರೆದಿದ್ದೂ ನಾನೇ. ಬಸ್ಸಿನಲ್ಲಿ ಏನು ನೋಡಿದ್ರೋ, ಅದನ್ನ ಇನ್ನು ಯಾರೂ ಹೇಳೋ ಹಾಗಿಲ್ಲ."

ಸೊಲ್ಮೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ನಾನು ಹೇಳ್ತೀನಿ," ಅಂದಳು. "ಉಳಿದ ಅರ್ಧ ನಾನೇ ಅಮ್ಮನ ಕೋಟಿನ ಜೇಬಿಗೆ ಹಾಕಿದ್ದೆ. ದಾರೀಲಿ ಹಸಿವಾದ್ರೆ ತಿನ್ನಲಿ ಅಂತ. ಹೇಳಿದ್ರೆ ಬೇಡ ಅಂತಾಳೆ ಅಂತ ಗೊತ್ತಾಗದ ಹಾಗೆ ಹಾಕಿದ್ದೆ. ಆಮೇಲೆ ಎಷ್ಟೋ ವರ್ಷ ಅದೇ ಯೋಚನೆ ಮೇಡಂ, ಅದು ಅವಳಿಗೆ ಸಿಕ್ತೋ, ಕೊಳೆತು ಬಿಸಾಕಿದ್ಲೋ ಅಂತ. ಕೇಳ್ಬೇಕು ಅಂತ ಬಂದೆ, ಹನ್ನೆರಡು ವರ್ಷ ಕೇಳ್ಲಿಲ್ಲ." ಮೂಗು ಒರೆಸಿಕೊಂಡಳು. "ಸಿಕ್ಕಿತ್ತು ಅವಳಿಗೆ."

ಅವಳು ಆರಿದ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು.

"ಇನ್ನೊಂದ್ಸಲ ಹಾಕ್ತೀರಾ? ಮೊದಲಿಂದ."

ಹಾಕಿದೆ. ಈ ಸಲ ಕಂಪ್ಯೂಟರನ್ನು ಎದುರಿಗೆ ಎಳೆದುಕೊಂಡು ಟೈಪ್ ಮಾಡಲು ಕೂತೆ. ಉತ್ತರದ ಒಂದೆರಡು ಮಾತು ಅರ್ಥವಾಗದೆ ಬೆರಳು ನಿಂತಾಗ ಸೊಲ್ಮೆ ಪಕ್ಕದಿಂದ ಹೇಳಿಕೊಟ್ಟಳು. ಪುಟದ ತಲೆಯಲ್ಲಿ ಅಭ್ಯಾಸಬಲದಿಂದ 'ಪ್ರಕರಣ' ಎಂದು ಒತ್ತಿದ್ದೆ. ಅದನ್ನು ಅಳಿಸಿ, ಮನೆತನದ ಹೆಸರನ್ನು ಮಗಳಿಂದ ಕೇಳಿ ತಿಳಿದು, 'ಸೊ ಬೊಂಗ್ಸುನ್' ಎಂದು ಬರೆದೆ. ಊಟ ಆತೇನವ್ವಾ ಅನ್ನುವುದರಿಂದ ಹಿಡಿದು ಬಸ್ಸಿನವರೆಗೆ ಒಂದು ಪದವನ್ನೂ ಬಿಡಲಿಲ್ಲ. ಅದರ ಕೆಳಗೆ ನನ್ನ ಹೆಸರು ಹಾಕಿ, 'ಅದಿರಲಿ ಚಿಕ್ಕಮ್ಮ, ಶುರು ಮಾಡೋಣ್ವಾ' ಎಂಬುದನ್ನೂ ಟೈಪ್ ಮಾಡಿದೆ.